ರತ್ನತ್ತಿಗೆಯ ಮಾತು, ನನ್ನ ತರ್ಜುಮೆ

ನಮ್ಮ ರತ್ನತ್ತಿಗೆ ಯಾರನ್ನು ಮಾತಾಡಿಸಿದರೂ ಮೊದಲು ಅವರ ಕೈ ನೋಡುತ್ತಿದ್ದರು. 'ಬಾಯಿ ಸುಳ್ಳು ಹೇಳ್ತದೆ ಕಣಪ್ಪ, ಕೈಗೆ ಅಷ್ಟು ಬುದ್ಧಿ ಇಲ್ಲ' ಎನ್ನುವುದು ಅವರ ಮಾತು. ನಾನು ಆಫೀಸಿನಿಂದ ಬಂದು 'ಎಲ್ಲ ಚೆನ್ನಾಗಿದೆ ಅತ್ಗೆ' ಎಂದರೂ ನನ್ನ ಬೆರಳುಗಳನ್ನೊಮ್ಮೆ ನೋಡಿ, ಏನೂ ಕೇಳದೆ ಅನ್ನಕ್ಕೆ ಇನ್ನೊಂದು ಚಮಚ ತುಪ್ಪ ಹಾಕುತ್ತಿದ್ದರು.

ಡಾಟ್‌ಕಾಮ್ ಭರಾಟೆಯ ಕಾಲ. ಅಣ್ಣ ಅಮೆರಿಕದ ಸನ್ನಿವೇಲ್‌ನ ಚಿಪ್ ಕಂಪನಿಯೊಂದರಲ್ಲಿದ್ದ. ನಾನು ಅವರ ಅಪಾರ್ಟ್‌ಮೆಂಟಿನಲ್ಲೇ ಇದ್ದುಕೊಂಡು ಒಂದು ಸ್ಟಾರ್ಟಪ್ಪಿಗೆ ಹೋಗುತ್ತಿದ್ದೆ. ಹಾಸನದ ಕಡೆಯಿಂದ ಬಂದ ಅತ್ತಿಗೆ ಅದೇ ಕಾಂಪ್ಲೆಕ್ಸಿನ ಕನ್ನಡದವರ ನಾಲ್ಕೈದು ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳುತ್ತಿದ್ದರು. ಅವುಗಳಲ್ಲಿ ಅರ್ಧಕ್ಕೆ ಇನ್ನೂ ಮಾತೇ ಬಂದಿರಲಿಲ್ಲ. ಒಂದೊಂದು ಮಗುವಿಗೂ ಒಂದೊಂದು ಹಾಳೆ: ಎಷ್ಟು ಉಂಡಿತು, ಎಷ್ಟು ಹೊತ್ತು ಮಲಗಿತು, ಎಷ್ಟು ಸಲ ಒದ್ದೆ ಮಾಡಿಕೊಂಡಿತು.

ಒಂದು ಸಂಜೆ ಮೂರು ವರ್ಷದ ಹುಡುಗನನ್ನು ಅವನಮ್ಮನ ಕೈಗೆ ಕೊಡುತ್ತಾ, 'ಇವನ ಎಡಗಿವಿ ತೋರಿಸ್ಬಿಡಮ್ಮ' ಎಂದರು. ಹುಡುಗ 'ಐ ಆಮ್ ಫೈನ್' ಎಂದ. ಅವನಮ್ಮ ನಕ್ಕಳು. ಮಾರನೆಯ ದಿನ ಅವಳೇ ಫೋನ್ ಮಾಡಿ, ಕಿವಿಯೊಳಗೆ ಕೀವಾಗಿತ್ತಂತೆ ಎಂದಳು. 'ಊಟ ಮಾಡುವಾಗ ಒಂದೇ ಕಡೆ ಅಗೀತಿದ್ದ, ಅಷ್ಟೇ' ಎಂದರು ಅತ್ತಿಗೆ.

ಇಂಥವರ ಮಾತನ್ನು ನಾನು ಒಂದು ದಿನ ಮಧ್ಯದಲ್ಲಿ ನುಂಗಿಹಾಕಿದೆ.

ಅಣ್ಣನ ಕರುಳಿಗೆ ಆಪರೇಷನ್ ಆಗಿತ್ತು. ಕೆಟ್ಟ ಭಾಗ ತೆಗೆದು ಹೊಲಿದಿದ್ದರು. ಎರಡು ದಿನ ಎಲ್ಲ ಸರಿಯಿತ್ತು. ಮೂರನೆಯ ದಿನ ನಾನು ಹೋಗುವ ಹೊತ್ತಿಗೆ ಅತ್ತಿಗೆ ಮಂಚಕ್ಕೆ ಅಂಟಿಕೊಂಡು ನಿಂತಿದ್ದರು. ಅಣ್ಣ ಹೊದಿಕೆಯ ಅಂಚನ್ನು ಬೆರಳಲ್ಲಿ ಕೀಳುತ್ತಲೇ ಇದ್ದ. ಅತ್ತಿಗೆಯನ್ನು 'ಅವ್ವಾ' ಎಂದು ಕರೆಯುತ್ತಿದ್ದ.

ನರ್ಸು, ನೋವಿನ ಔಷಧಿಗೆ ಹಾಗಾಗುತ್ತದೆ ಎಂದಳು. ಅತ್ತಿಗೆ ಬಿಡದಿದ್ದಾಗ ದುಭಾಷಿಯನ್ನು ಕೊಡುತ್ತೇವೆಂದು ಫೋನ್ ತಂದು ಕೈಗಿಟ್ಟಳು. ಅತ್ತ ಕಡೆಯ ಹೆಂಗಸು ಹಿಂದಿಯಲ್ಲಿ ಶುರುಮಾಡಿದಳು. ಅತ್ತಿಗೆಗೆ ಹಿಂದಿಯ ಗಂಧವೂ ಇರಲಿಲ್ಲ. ಇವರಿಗೆ ಹಿಂದಿ ಬರುವುದಿಲ್ಲ, ಭಾಷೆ ಕನ್ನಡ ಎಂದೆ. 'ಕೆನಡಾ?' ಎಂದಳು ನರ್ಸು.

ಅಷ್ಟರಲ್ಲಿ ಚಿಕ್ಕ ವಯಸ್ಸಿನ ಡಾಕ್ಟರೊಬ್ಬ ಬಂದ. ಅತ್ತಿಗೆ ಒಂದೇ ಉಸಿರಿಗೆ ಹೇಳಿದರು: 'ಹೊಟ್ಟೆ ಕಲ್ಲಾಗಿದೆ ಅನ್ನು. ಬೆಳಗ್ಗೆಯಿಂದ ಆ ಚೀಲಕ್ಕೆ ಒಂದ್ ತೊಟ್ಟು ಉಚ್ಚೆ ಬಿದ್ದಿಲ್ಲ ಅನ್ನು. ಉಸಿರು ನಾಯಿ ತೇಕಿದ ಹಂಗೆ ಬರ್ತದೆ. ನಿಮ್ಮಣ್ಣ ನನ್ನನ್ನ ಯಾವತ್ತೂ ಅವ್ವ ಅಂದೋರಲ್ಲ. ಒಳಗೆ ಏನೋ ಕೆಟ್ಟಿದೆ, ಈಗ್ಲೇ ದೊಡ್ಡ ಡಾಕ್ಟ್ರು ಬರ್ಬೇಕು ಅನ್ನು.'

ನಾನು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟೇ: ಅತ್ತಿಗೆಗೆ ಸ್ವಲ್ಪ ಗಾಬರಿಯಾಗಿದೆ, ಅಣ್ಣನಿಗೆ ಇವತ್ತು ಸುಸ್ತು ಜಾಸ್ತಿಯಿದ್ದಂತಿದೆ. ಮೇಲೊಂದು ಥ್ಯಾಂಕ್ಯೂ. ಅವನು ಮುಗುಳ್ನಕ್ಕು, ಅದು ಸಹಜ ಎಂದು ಹೊರಟುಹೋದ.

ಯಾಕೆ ಹಾಗೆ ಮಾಡಿದೆ? ಮೀಟಿಂಗುಗಳಲ್ಲಿ ನಯವಾಗಿ ಮಾತಾಡಿ ಮಾತಾಡಿ ನನಗೆ ಅದೇ ಇಂಗ್ಲಿಷು ಅಂಟಿತ್ತು. ಉಚ್ಚೆಯ ಮಾತೆತ್ತಲು ನಾಚಿಕೆಯೂ ಆಯಿತು. ಸೊಂಟದ ಪೇಜರು ಆಫೀಸಿನಿಂದ ಗುರ್ರೆನ್ನುತ್ತಿತ್ತು. ಯಾವ ಕಾರಣವೂ ಕಾರಣವಲ್ಲ.

ಅತ್ತಿಗೆ ನನ್ನ ಕಡೆ ತಿರುಗಿದರು. 'ನಾನು ಇಷ್ಟುದ್ದ ಹೇಳ್ದೆ. ನೀನು ಇಷ್ಟೇ ಇಷ್ಟು ಹೇಳ್ದೆ. ಮಿಕ್ಕಿದ್ದು ಎಲ್ಲೋಯ್ತು ಮಂಜ?'

ನಾನು ಪೇಜರು ಆರಿಸಿದೆ.

'ಹೋಗು. ಕರ್ಕೊಂಡ್ ಬಾ. ಈ ಸಲ ಒಂದಕ್ಷರ ಬಿಟ್ರೆ ನನ್ನಾಣೆ.'

ಹೋದೆ. ಕೌಂಟರಿನಲ್ಲಿದ್ದವಳು, ಆ ಡಾಕ್ಟರು ಬೇರೆ ಮಹಡಿಗೆ ಹೋಗಿದ್ದಾರೆ, ಕರೆ ಕಳಿಸುತ್ತೇನೆ ಎಂದಳು. ಅರ್ಧ ಗಂಟೆ ಬಿಟ್ಟು ಹೋದರೆ, ಕಳಿಸಿದ್ದೇನೆ ಎಂದಳು. ಸರ್ಜನ್ನರು? ಆಪರೇಷನ್ ಥಿಯೇಟರಿನಲ್ಲಿದ್ದಾರೆ. ಬೇರೆ ಯಾರಾದರೂ? ದಯವಿಟ್ಟು ರೂಮಿನಲ್ಲಿ ಕೂತಿರಿ. ಮತ್ತೆ ಹೋದಾಗ ಅವಳ ಪಾಳಿ ಮುಗಿದಿತ್ತು. ಹೊಸಬಳು ಅಣ್ಣನ ಹೆಸರಿನ ಕಾಗುಣಿತದಿಂದ ಶುರುಮಾಡಿದಳು. ಎಲ್ಲರೂ ನಯವಾಗಿಯೇ ಮಾತಾಡಿದರು. ಒಬ್ಬರಾದರೂ ಗದರಿದ್ದರೆ ನಾನೂ ಕೂಗಾಡಬಹುದಿತ್ತು.

ಬೆನ್ನ ಹಿಂದೆ ಚಪ್ಪಲಿಯ ಸದ್ದಾಯಿತು. ಅತ್ತಿಗೆ ಮಕ್ಕಳಿಗೆಂದು ಗೆರೆ ಎಳೆದಿಟ್ಟುಕೊಂಡಿದ್ದ ಹಾಳೆಯಲ್ಲಿ ಅಣ್ಣನ ಮೂರು ದಿನವನ್ನೂ ಬರೆದಿದ್ದರು. ಅದನ್ನು ಕೌಂಟರಿನ ಮೇಲೆ ಹರಡಿ, ಮಕ್ಕಳಿಂದ ಕಲಿತ ಇಂಗ್ಲಿಷಿನಲ್ಲಿ, ಇಡೀ ಕಾರಿಡಾರಿಗೆ ಕೇಳುವಂತೆ ಹೇಳಿದರು:

'ನೋ ಪೀ! ಮಾರ್ನಿಂಗ್ ನೋ ಪೀ, ಲಂಚ್ ನೋ ಪೀ. ಟಮ್ಮಿ ಸ್ಟೋನ್. ಯೂ ಕಮ್. ಯೂ ಟಚ್.'

ಅಲ್ಲಿದ್ದ ಹಿರಿಯ ನರ್ಸೊಬ್ಬಳು ತಲೆಯೆತ್ತಿದಳು. ಹಾಳೆ ಎಳೆದುಕೊಂಡು, ಇದನ್ನು ಓದಿ ಹೇಳಿ ಎಂದಳು ನನಗೆ. ಓದಿದೆ. ಉಚ್ಚೆ, ಬೆವರು, ತೇಕು, 'ಅವ್ವಾ' ಅಂದದ್ದು, ಒಂದನ್ನೂ ಬಿಡಲಿಲ್ಲ. ಕೊನೆಗೆ, ಈಗಲೇ ಸರ್ಜನ್ ಬರದಿದ್ದರೆ ನಾವಿಬ್ಬರೂ ಇಲ್ಲಿಂದ ಕದಲುವುದಿಲ್ಲ ಎಂದೆ. ಅದು ಹಾಳೆಯಲ್ಲಿ ಇರಲಿಲ್ಲ. ನರ್ಸು ಬಂದು ಹೊಟ್ಟೆಯ ಮೇಲೆ ಕೈಯಿಟ್ಟಳು. ಅವಳ ಮುಖದ ಬಣ್ಣವೇ ಬದಲಾಯಿತು. ಅರ್ಧ ಗಂಟೆಯೊಳಗೆ ಅಣ್ಣನನ್ನು ಮತ್ತೆ ಥಿಯೇಟರಿಗೆ ಕರೆದೊಯ್ದರು. ಕರುಳಿನ ಹೊಲಿಗೆ ಬಿಟ್ಟು ಒಳಗೆಲ್ಲ ಸೋರಿತ್ತು.

ಅಣ್ಣ ಬದುಕಿದ. ಆದರೆ ಅದಕ್ಕೆ ವಾರಗಳೇ ಬೇಕಾದವು. ಸರ್ಜನ್ನರು ಬಂದು, ಅದೃಷ್ಟ, ಸರಿಯಾದ ಸಮಯಕ್ಕೆ ಗೊತ್ತಾಯಿತು ಎಂದರು. ಯಾರಿಗೆ ಗೊತ್ತಾಯಿತು ಎಂಬುದನ್ನು ಹೇಳಲಿಲ್ಲ.

'ಏನಂದ್ರು?' ಎಂದರು ಅತ್ತಿಗೆ.

'ಸರಿಯಾದ ಟೈಮಿಗೆ ಸಿಕ್ತಂತೆ.'

'ಸಿಗೋಕೆ ಅದೇನು ಕಳ್ದೋಗಿದ್ದ ಬೀಗದ ಕೈನಾ? ಬೆಳಗ್ಗೆಯಿಂದ ನಾನು ತೋರಿಸ್ತಾನೇ ಇದ್ನಲ್ಲ!' ಎಂದವರು ಗೋಡೆಗೆ ಮುಖ ಮಾಡಿ ಅತ್ತರು. ಅವರು ಅತ್ತದ್ದನ್ನು ನಾನು ಕಂಡದ್ದು ಆಗ ಮಾತ್ರ.

ಕ್ಯಾಂಟೀನಿನಲ್ಲಿ ಕೂತಾಗ, ತಪ್ಪಾಯ್ತು ಅತ್ಗೆ ಎಂದೆ. ಅವರು ಕಾಫಿಯ ಲೋಟ ತಿರುಗಿಸುತ್ತಾ, 'ನಂಗೆ ಇಂಗ್ಲಿಷ್ ಬರಲ್ಲ ಅಂತ ನನ್ ಮೇಲೇ ಸಿಟ್ಟಿತ್ತು. ನಿಂಗೆ ಬಂದೂ...' ಎಂದು ನಿಲ್ಲಿಸಿದರು. ಆ ಮಾತನ್ನು ಅವರು ಮುಂದೆಯೂ ಎಂದೂ ಪೂರ್ತಿ ಮಾಡಲಿಲ್ಲ. ಬೈದಿದ್ದರೆ ಮರೆಯುತ್ತಿದ್ದೆನೇನೋ.

ಮಾರನೆಯ ವರ್ಷ ಕಂಪನಿಗಳು ಒಂದೊಂದೇ ಮುಚ್ಚತೊಡಗಿದಾಗ ಅಣ್ಣನ ಕೆಲಸವೂ ಹೋಯಿತು. ಮೈಯಲ್ಲಿ ಮೊದಲಿನ ಕಸುವೂ ಇರಲಿಲ್ಲ. ಇಬ್ಬರೂ ಹಾಸನಕ್ಕೆ ಹೊರಟರು. ಸ್ಯಾನ್ ಫ್ರಾನ್ಸಿಸ್ಕೋ ಏರ್‌ಪೋರ್ಟಿನಲ್ಲಿ ಕಾಲಿಗೆರಗಿದಾಗ ಅತ್ತಿಗೆ, 'ಹೊತ್ತೊತ್ತಿಗೆ ಊಟ ಮಾಡು' ಎಂದಷ್ಟೇ ಹೇಳಿ ಅಣ್ಣನ ತೋಳು ಹಿಡಿದು ಒಳಗೆ ಹೋದರು. ಅದೇ ಕೊನೆ.

ಕೆಲವು ವರ್ಷಗಳ ಮೇಲೆ ಅಣ್ಣನ ಫೋನ್ ಬಂತು. ಮಧ್ಯಾಹ್ನ ಹಪ್ಪಳ ಒಣಹಾಕುತ್ತಿದ್ದ ಅತ್ತಿಗೆ ಎದೆ ಹಿಡಿದುಕೊಂಡು ಕೂತರಂತೆ. ಆಟೋ ಆಸ್ಪತ್ರೆಯ ಗೇಟು ದಾಟುವುದರೊಳಗೆ ಎಲ್ಲ ಮುಗಿದಿತ್ತು.

'ಒಂದೇ ಒಂದ್ ದಿನ ಅವ್ಳು ಮಂಚದ ಮೇಲೆ ಮಲಗಿದ್ದಿದ್ರೆ ಪಕ್ಕದಲ್ಲಿ ಕೂರ್ತಿದ್ದೆ ಕಣೋ' ಎಂದ ಅಣ್ಣ. 'ನಂಗೂ ಡಾಕ್ಟ್ರ ಹತ್ರ ಜಗಳ ಆಡೋಕೆ ಬರ್ತಿತ್ತು.'