ಟೈಮಿಗೆ ಹೊರಡುವ ಬೆಲ್

ನನ್ನ ಗಂಡ ತೀರಿಕೊಂಡು ಎಂಟು ತಿಂಗಳಾಯಿತು. ಅವರ ನೆನಪಾದಾಗ ನನಗೆ ಮೊದಲು ಕೇಳಿಸುವುದು ಶಾಲೆಯ ಬೆಲ್. ಆಮೇಲೆ ನಗು ಬರುತ್ತದೆ.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಅವರು ಕಾರ್ಕಳದ ಒಂದು ಶಾಲೆಯ ಆಫೀಸಿನಲ್ಲಿದ್ದರು. ಅಲ್ಲಿಗೆ ಕಂಪ್ಯೂಟರ್ ಬಂದದ್ದೇ ತಡ, ಪಿರಿಯಡ್ ಮುಗಿದೊಡನೆ ಸ್ಪೀಕರಿನಲ್ಲಿ ಬೆಲ್ ಹೊಡೆಯುವ ಪ್ರೋಗ್ರಾಮ್ ಒಂದನ್ನು ತಾವೇ ಬರೆದರು. ಆದರೆ ಕರೆಂಟು ಹೋಗಿ ಬಂದರೆ ಯಾರಾದರೂ ಪಾಸ್‌ವರ್ಡ್ ಕೊಟ್ಟು ಅದನ್ನು ಮತ್ತೆ ಶುರು ಮಾಡಬೇಕು. ಯಾರಾದರೂ ಅಂದರೆ ಅವರೇ. ಹಾಗಾಗಿ ರಜೆಯಿಲ್ಲ. ಮದುವೆಯಾಗಿ ಮೂರು ವರ್ಷವಾದರೂ ಇನ್ನಂಜೆಯ ನನ್ನ ತವರಿನ ಹೊಸ ಅಕ್ಕಿ ಊಟಕ್ಕೆ ಒಮ್ಮೆಯೂ ಬಂದಿರಲಿಲ್ಲ. ಹೊಸ ಬೆಳೆಯ ಮೊದಲ ಅನ್ನವನ್ನು ಮನೆಯವರೆಲ್ಲ ಒಟ್ಟಿಗೆ ಕೂತು ಉಣ್ಣುವ ದಿನ ಅದು. ಆದರೂ ಅಮ್ಮ ಪ್ರತಿ ವರ್ಷ ಅಳಿಯನ ಎಲೆಯನ್ನೂ ಹಾಕಿಡುತ್ತಿದ್ದರು.

ನಾಲ್ಕನೇ ವರ್ಷ ನಾನು ಹೇಳಿಯೇಬಿಟ್ಟೆ: “ಈ ಗುರುವಾರ ನೀವು ಬರದಿದ್ದರೆ ಆ ಕಂಪ್ಯೂಟರನ್ನೇ ತಂದು ಎಲೆ ಮುಂದೆ ಕೂರಿಸ್ತೇನೆ.”

ಎರಡು ದಿನ ಬಿಟ್ಟು ಸಂಜೆ ಮನೆಗೆ ಬಂದವರೇ, “ಬೆಲ್ಲನ್ನು ಸರ್ವಿಸ್ ಮಾಡಿದೆ ಮಾರಾಯ್ತಿ,” ಎಂದರು.

“ಎಂತ, ಹಾಳಾಗಿತ್ತಾ?”

“ಆ ಸರ್ವಿಸ್ ಅಲ್ಲ.”

“ಮತ್ತೆಂತ, ಸರ್ವಿಸ್ ಬಸ್ಸಾ?”

“ಅದೇ! ಇಷ್ಟು ದಿನ ಬಾಡಿಗೆ ಕಾರಿನ ಹಾಗೆ, ಕರೆದರೆ ಮಾತ್ರ ಹೊರಡುವುದು. ಈಗ ಜನ ಹತ್ತಲಿ ಬಿಡಲಿ, ಟೈಮಿಗೆ ಹೊರಡ್ತದೆ. ಕಂಪ್ಯೂಟರ್ ಚಾಲೂ ಆದರೆ ಸಾಕು, ಪಾಸ್‌ವರ್ಡ್ ಕೊಡುವವರು ಬೇಡ. ಅಂಥ ಪ್ರೋಗ್ರಾಮಿಗೆ ಕಂಪ್ಯೂಟರಿನವರು ಸರ್ವಿಸ್ ಅಂತಲೇ ಹೇಳ್ತಾರೆ.”

ಗುರುವಾರ ಬಂದರು. ಎಲೆಯ ಮುಂದೆ ಕೂತರೂ ಕಣ್ಣು ವಾಚಿನ ಮೇಲೆ. ಊಟದ ಬೆಲ್ಲಿನ ಹೊತ್ತಾಗುತ್ತಲೇ ಎದ್ದು ಪಕ್ಕದ ಮನೆಯ ಫೋನಿಗೆ ಓಡಿದರು. ಹಿಂದೆ ನಾನು. ರಿಸೀವರನ್ನು ನನ್ನ ಕಿವಿಯ ಹತ್ತಿರ ಹಿಡಿದರು. ಆ ಕಡೆ ಶಾಲೆಯ ಪಿಯೋನ್ ಗಾಬರಿಯಲ್ಲಿದ್ದರು.

“ಎರಡು ಸಲ ಕರೆಂಟು ಹೋಯ್ತು ಸಾರ್. ಪರದೆಯಲ್ಲಿ ಪಾಸ್‌ವರ್ಡ್ ಕೇಳ್ತಾ ಉಂಟು, ಬೇರೆ ಎಂತದೂ ಇಲ್ಲ. ಆದ್ರೆ ಬೆಲ್ ಮಾತ್ರ...”

ಅಷ್ಟರಲ್ಲಿ ಫೋನಿನೊಳಗಿಂದಲೇ ಬೆಲ್ ಹೊಡೆಯಿತು. ಇವರು ವಾಪಸು ಬಂದು ಮೂರು ಸಲ ಅನ್ನ ಹಾಕಿಸಿಕೊಂಡರು.

ಒಂದನ್ನು ಮಾತ್ರ ಮರೆತಿದ್ದರು. ಮೊದಲು ರಜೆಯ ದಿನ ಪ್ರೋಗ್ರಾಮನ್ನು ಶುರು ಮಾಡದಿದ್ದರೆ ಆಗುತ್ತಿತ್ತು. ಈಗ ಅದಕ್ಕೆ ಭಾನುವಾರ ಯಾವುದೆಂದು ಯಾರೂ ಹೇಳಿರಲಿಲ್ಲ. ಶನಿವಾರ ಕಂಪ್ಯೂಟರ್ ಆರಿಸದೆ ಬಂದ ಕಾರಣ ಮರುದಿನ ಖಾಲಿ ಶಾಲೆಯಲ್ಲಿ ಎಲ್ಲ ಪಿರಿಯಡ್‌ಗಳೂ ನಡೆದವು. “ನಿನ್ನೆ ಲೆಕ್ಕದ ಪಾಠ ಯಾರಿಗೆ ಸಾರ್?” ಎಂದು ಎದುರಿನ ಅಂಗಡಿಯವರು ತಿಂಗಳುಗಟ್ಟಲೆ ಕೇಳಿದರು.

ಆಮೇಲೆ ಹೊಸ ಅಕ್ಕಿ ಊಟವನ್ನು ಅವರು ಒಂದು ವರ್ಷವೂ ತಪ್ಪಿಸಲಿಲ್ಲ. ಈ ಸಲ ಅಮ್ಮ ಅಭ್ಯಾಸಬಲದಿಂದ ಅವರ ಎಲೆಯನ್ನೂ ಹಾಕಿ, ನನ್ನ ಮುಖ ನೋಡಿ ತೆಗೆಯಲು ಬಗ್ಗಿದರು.

“ಇರಲಿ ಅಮ್ಮ, ಇದೂ ಸರ್ವಿಸ್ ಬಸ್ಸೇ, ಜನ ಹತ್ತಲಿ ಬಿಡಲಿ,” ಎಂದೆ.

ಅಮ್ಮ ನಕ್ಕು ಆ ಎಲೆಗೂ ಅನ್ನ ಬಡಿಸಿದರು.