ಹಾರಿಸದ ನಲವತ್ಮೂರು ಗಂಟೆ

ನಾನು ವಿಮಾನ ಹಾರಿಸದ ನಲವತ್ಮೂರು ಗಂಟೆಗಳನ್ನು ಹಾರಿಸಿದ್ದೇನೆ ಎಂದು ಬರೆದೆ. ಅದು ಸಿಕ್ಕಿಬಿದ್ದಾಗ, ಬರೆಸಿದವರು ನನಗೆ ಹಾರಾಟ ಕಲಿಸಿದ ಶರಣಪ್ಪ ಸರ್ ಎಂದು ಹೇಳಿದೆ. ಅವರು ಬರೆಸಿರಲಿಲ್ಲ.

ಇಷ್ಟೇ ವಿಷಯ. ಇಷ್ಟು ಸಾಕೆನಿಸಿದವರು ಇಲ್ಲಿಗೇ ಪುಟ ತಿರುವಬಹುದು. ಆದರೆ ಕಲಬುರಗಿಯ ಜಗತ್ ಸರ್ಕಲ್‌ನ ಚಹಾದಂಗಡಿಗಳಲ್ಲಿ ಇವತ್ತಿಗೂ "ಆ ಶರಣಪ್ಪೇನು, ಗಂಟೆ ಮಾರ್ಕೊಂಡಾಂವ" ಎಂದು ನಗುವವರಿದ್ದಾರೆ. ಅವರು ಮಾತ್ರ ಕೊನೆಯವರೆಗೂ ಓದಬೇಕು.

ಮೊದಲು ಆ ಗಂಟೆಗಳ ಮಾತು. ನಾನು ಕಲಬುರಗಿ ಪಕ್ಕದ ಕಮಲಾಪುರದವನು, ಅಪ್ಪನದು ಬಾಳೆಹಣ್ಣಿನ ವ್ಯಾಪಾರ. ನಮ್ಮ ಮೇಲೆ ವಿಮಾನಗಳು ಹಾರಿಹೋಗುತ್ತಿದ್ದವೇ ಹೊರತು ನಮ್ಮ ಸೀಮೆಯಲ್ಲಿ ಒಂದೂ ಇಳಿಯುತ್ತಿರಲಿಲ್ಲ. ಅಂಥ ಕಡೆಯಿಂದ ಹೊರಟು, ಹೊರರಾಜ್ಯದ ಒಂದು ಫ್ಲೈಯಿಂಗ್ ಕ್ಲಬ್ ಸೇರಿ, ಲೈಸೆನ್ಸ್ ಪಡೆದೆ. ತೊಂಬತ್ತರ ದಶಕ, ಸಣ್ಣ ಊರುಗಳ ನಡುವೆ ಸಣ್ಣ ವಿಮಾನ ಹಾರಿಸುವ ಕಂಪನಿಗಳು ಆಗಷ್ಟೇ ಹುಟ್ಟುತ್ತಿದ್ದವು. ಅರ್ಜಿ ಹಾಕಿದರೆ ಒಂದೇ ಪ್ರಶ್ನೆ — ಐದುನೂರು ಗಂಟೆ ಹಾರಿಸಿದ ಅನುಭವ ಇದೆಯೇ? ನೌಕರಿ ಕೊಡದೆ ಅನುಭವ ಎಲ್ಲಿಂದ ತರಲಿ? ಅನುಭವವಿಲ್ಲದೆ ನೌಕರಿ ಯಾರು ಕೊಡುತ್ತಾರೆ? ಈ ಗಾಣದಲ್ಲಿ ಸುತ್ತಿ ಸುತ್ತಿ ನನಗೆ ತಲೆ ಕೆಟ್ಟಿತ್ತು. ಹೇಗೋ ನಾನೂರೈವತ್ತೇಳಕ್ಕೆ ಬಂದು ನಿಂತೆ. ಕ್ಲಬ್ಬಿನಲ್ಲಿದ್ದದ್ದು ಎರಡೇ ವಿಮಾನ, ಸಾಲಿನಲ್ಲಿ ಹದಿನೈದು ಜನ. ಸಂದರ್ಶನಕ್ಕೆ ಉಳಿದದ್ದು ಹತ್ತು ದಿನ.

ಬರೆದೆ. ಪೈಲಟ್ ತನ್ನ ಹಾರಾಟವನ್ನು ತಾನೇ ಬರೆದುಕೊಳ್ಳುವ ಲಾಗ್‌ಬುಕ್ ಇರುತ್ತದೆ. ದಿನಾಂಕ, ವಿಮಾನ, ಎಷ್ಟು ಹೊತ್ತು, ಜೊತೆಗೆ ಯಾರಿದ್ದರು. ಪುಟದ ಕೆಳಗೆ ಇನ್‌ಸ್ಟ್ರಕ್ಟರ್ ಸಹಿ. ಒಂದು ಮಧ್ಯಾಹ್ನ ಕೂತು ನಲವತ್ಮೂರು ಗಂಟೆ ತುಂಬಿಸಿಬಿಟ್ಟೆ. ಆಗ ಹಾಗೆ ಬರೆದವನು ನಾನೊಬ್ಬನೇ ಅಲ್ಲ, ಬೇಕಾದರೆ ಸಾಲುಸಾಲಾಗಿ ಹೆಸರು ಹೇಳಬಲ್ಲೆ — ಹೇಳುವುದಿಲ್ಲ. ಅವರ ಪಾಪ ಅವರಿಗಿರಲಿ. ಸುಳ್ಳು ಸುಳ್ಳೇ. ಆದರೂ ಕೇಳಿ, ಬರೀ ಅದೊಂದೇ ಆಗಿದ್ದರೆ ಈ ಕಾಗದ ಬರೆಯುತ್ತಿರಲಿಲ್ಲ. ನನ್ನ ಜೊತೆಗೇ ಸುಡುಗಾಡಿಗೆ ಒಯ್ಯುತ್ತಿದ್ದೆ.

ಶರಣಪ್ಪ ಸರ್ ನಮ್ಮ ಇನ್‌ಸ್ಟ್ರಕ್ಟರ್. ಖಾಸ್ ಕಲಬುರಗಿಯವರು. ಬೇರೆ ಹುಡುಗರ ಪುಸ್ತಕವನ್ನು ಬೆರಳಿಟ್ಟು ಸಾಲುಸಾಲು ಓದುತ್ತಿದ್ದರು. ಐದು ನಿಮಿಷ ಹೆಚ್ಚು ಬರೆದರೂ ಗದರುತ್ತಿದ್ದರು. ನನ್ನದನ್ನು ಮಾತ್ರ ಓದುತ್ತಿರಲಿಲ್ಲ.

"ಓದಿ ಸಹಿ ಮಾಡ್ರಿ ಸರ್" ಎಂದೆ ಅವತ್ತು. ಅಂದೆ, ಹೌದು — ಓದುವುದಿಲ್ಲ ಎಂದು ಗೊತ್ತಿದ್ದೇ ಅಂದೆ.

"ಊರಾಂವನ ಪುಸ್ತಕ ಓದಿ ಸಹಿ ಮಾಡಿದ್ರ ನಿನ್ನ ಮ್ಯಾಲ ಸಂಶಯ ಮಾಡಿದಂಗ ಆಗ್ತದಲ್ಲೋ! ತಾ ಇಲ್ಲಿ" ಎಂದು ಸಹಿ ಹಾಕಿ ನಕ್ಕರು.

ನೌಕರಿ ಸಿಕ್ಕಿತು. ಎಂಟು ತಿಂಗಳಾಗಿತ್ತು, ಕಂಪನಿಯವರು ಹೊಸಬರೆಲ್ಲರ ಪುಸ್ತಕವನ್ನು ಕ್ಲಬ್ಬಿನ ವಿಮಾನಗಳ ಪುಸ್ತಕದೊಂದಿಗೆ ತಾಳೆ ನೋಡಿದರು. ನಾನು ಮೂರು ಗಂಟೆ ಹಾರಿಸಿದ್ದೇನೆ ಎಂದು ಬರೆದಿದ್ದ ಒಂದು ದಿನ, ಆ ವಿಮಾನದ ಎಂಜಿನ್ ಬಿಚ್ಚಿ ಶೆಡ್ಡಿನಲ್ಲಿ ಇಟ್ಟಿದ್ದರಂತೆ! ಅಲ್ಲಿಂದ ಎಳೆ ಹಿಡಿದು ಜಗ್ಗಿದರು, ಪೂರ್ತಿ ಬಿಚ್ಚಿಕೊಂಡಿತು.

ಆ ದಿನ ಯಾವುದು ಗೊತ್ತೇ? ಎಳ್ಳ ಅಮಾವಾಸ್ಯೆ. ನಮ್ಮ ಕಡೆ ಅವತ್ತು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆಗೆ ನೈವೇದ್ಯವಾಗಿ ಚರಗ ಚೆಲ್ಲಿ ಉಣ್ಣುತ್ತೇವೆ. ಅವತ್ತು ಕೆಲಸಕ್ಕೆ ಹೋಗುವ ಮನುಷ್ಯನನ್ನು ನಾನು ಕಂಡಿಲ್ಲ. ನಾನು ತಾರೀಖು ಆರಿಸಿ ಬರೆದದ್ದು ಕ್ಲಬ್ಬಿನ ಗೋಡೆಯ ಮೇಲಿದ್ದ, ಬರೀ ಇಂಗ್ಲಿಷ್ ಅಂಕಿಗಳ ಕ್ಯಾಲೆಂಡರ್ ನೋಡಿ. ಮನೆಯದಾಗಿದ್ದರೆ ಅಮಾವಾಸ್ಯೆಯ ಕಪ್ಪು ಚುಕ್ಕೆ ಕಣ್ಣಿಗೆ ಹೊಡೆಯುತ್ತಿತ್ತು. ಆ ದಿನ ನಾನು ಇದ್ದದ್ದು ಕಮಲಾಪುರದ ನಮ್ಮ ಹೊಲದಲ್ಲಿ. ನನ್ನ ಪಕ್ಕದಲ್ಲಿ ಶರಣಪ್ಪ ಸರ್ — "ನಮಗಂತೂ ಹೊಲ ಇಲ್ಲ, ನಿಮ್ಮ ಹೊಲಕ್ಕೇ ಬರ್ತೀನಿ" ಎಂದು ರಜೆ ಹಾಕಿ ನನ್ನ ಜೊತೆಗೇ ಬಂದಿದ್ದರು. ಅವ್ವ ಸಜ್ಜಿ ರೊಟ್ಟಿ, ಭಜ್ಜಿ, ಎಳ್ಳ ಹೋಳಿಗೆ ಬಡಿಸಿದ್ದಳು. "ಇನ್ನೊಂದು ಉಣ್ರಿ ಸರ, ಹಾರೋ ಮಂದಿ ಹಿಂಗ ಉಂಡ್ರ ಹ್ಯಾಂಗ?" ಎಂದು ಬೇಡವೆಂದರೂ ಹಾಕಿದ್ದಳು.

ವಿಮಾನಯಾನ ಇಲಾಖೆಯ ವಿಚಾರಣೆಯಲ್ಲಿ, ನೀವೇ ಬರೆಸಿದಿರಾ ಎಂದು ಕೇಳಿದಾಗ ಸರ್ ಹೇಳಿದ್ದು ಇಷ್ಟೇ: ಓದದೆ ಸಹಿ ಮಾಡಿದ್ದು ನನ್ನ ತಪ್ಪು, ಆದರೆ ಗಂಟೆ ಬರೆಸಿದವನು ನಾನಲ್ಲ. ಅವತ್ತು ನಾವಿಬ್ಬರೂ ಇವನ ಹೊಲದಲ್ಲಿದ್ದೆವು, ಬರೆಸುವವನಾಗಿದ್ದರೆ ಆ ತಾರೀಖನ್ನೇ ಹೇಳುತ್ತಿದ್ದೆನೇ? ಬೇಕಾದರೆ ಇವನನ್ನೇ ಕೇಳಿ.

ಅಧಿಕಾರಿ ನನ್ನ ಕಡೆ ತಿರುಗಿದರು. ಸರ್ ಕೂಡ ತಿರುಗಿದರು. ಅವರ ಮುಖದಲ್ಲಿ ಒಂದು ಚೂರೂ ಆತಂಕ ಇರಲಿಲ್ಲ — ಊರಿನವನು, ಹೇಳಿಯೇ ಹೇಳುತ್ತಾನೆ ಎಂದು... ಹೂಂ ಎಂದರೆ ಸುಳ್ಳು ಬರೆದವನು ನಾನೊಬ್ಬನೇ ಎಂದಾಗುತ್ತಿತ್ತು, ನೌಕರಿ ಅಲ್ಲಿಗೇ ಮುಗಿಯುತ್ತಿತ್ತು.

"ಸರ್ ಹೇಳಿದ ತಾರೀಖು ಬರೆದೆ. ಅವತ್ತು ಅವರು ಎಲ್ಲಿದ್ದರೋ ನನಗೆ ಗೊತ್ತಿಲ್ಲ" ಎಂದೆ.

ನಾಲಿಗೆ ತಡವರಿಸಲಿಲ್ಲ. ಅದನ್ನೂ ಬರೆಯುತ್ತೇನೆ, ಮುಚ್ಚಿಡುವುದಿಲ್ಲ. ಸಲೀಸಾಗಿ ಅಂದೆ.

ಗುರು ಹೇಳಿದಂತೆ ಕೇಳಿದ ಶಿಷ್ಯ ಎಂದು ನನಗೆ ಎಚ್ಚರಿಕೆ ಕೊಟ್ಟು, ಆ ಗಂಟೆಗಳನ್ನು ಹೊಡೆದು ಹಾಕಿದರು. ಮತ್ತೆ ಹಾರಿಸಿ ತುಂಬಿಸಿದೆ, ಸೀಟಿಗೆ ಮರಳಿದೆ. ಸರ್‌ಗೆ ಕಲಿಸುವ ಪರವಾನಗಿಯೂ ಹೋಯಿತು, ಹಾರಿಸುವುದೂ ಹೋಯಿತು. ಊರಿಗೆ ಬಂದು ಸ್ಟೇಶನ್ ಬಜಾರದಲ್ಲಿ ಬಸ್ಸು, ರೈಲು ಟಿಕೆಟ್ ಬುಕ್ ಮಾಡುವ ಅಂಗಡಿ ಇಟ್ಟರು.

ಸುದ್ದಿ ಕಮಲಾಪುರಕ್ಕೂ ಬಂತು. ಅವ್ವ ಬಾಗಿಲಲ್ಲೇ ನಿಲ್ಲಿಸಿ ಕೇಳಿದಳು: "ನನ್ನ ಕೈಲೇ ಉಂಡ ಮನಿಷಾ ಎಲ್ಲಿದ್ನೋ ಗೊತ್ತಿಲ್ಲ ಅಂದೇನು? ನಡಿ, ನಾ ಬಂದು ಹೇಳ್ತೀನಿ."

"ಯವ್ವಾ, ಸುಮ್ನ ಕೂಡು. ನನ್ನ ನೌಕರಿ ಹೋಗ್ತದ."

ಸುಮ್ಮನೆ ಕೂತಳು. ಸಾಯುವ ತನಕ ಆ ಮಾತು ಮತ್ತೆ ಎತ್ತಲಿಲ್ಲ. ಸುಳ್ಳು ಆಡಿ ಗೊತ್ತಿಲ್ಲದವಳನ್ನು ನನ್ನ ಸುಳ್ಳಿಗೆ ಕಾವಲು ಕೂರಿಸಿದ್ದೆ ನಾನು.

ಹಾಗಾದರೆ ಈಗ್ಯಾಕೆ ಬಾಯಿ ಬಿಟ್ಟೆ ಎನ್ನುತ್ತೀರಿ. ಈಚೆಗೆ ಕಂಪನಿ ನನ್ನನ್ನು ಹೊಸ ಪೈಲಟ್‌ಗಳ ಪುಸ್ತಕ ಪರೀಕ್ಷಿಸಲು ಕೂರಿಸಿತು. ಒಬ್ಬ ಹುಡುಗಿಯ ಪುಸ್ತಕದಲ್ಲಿ ಎರಡು ಗಂಟೆ ತಾಳೆಯಾಗಲಿಲ್ಲ. ನಾಚಿಕೆಯಾಗುವುದಿಲ್ಲವೇ ಎಂದು ಎಲ್ಲರೆದುರು ಗದರಿ ಕಳಿಸಿದೆ. ಅವಳು ಹೋದ ಮೇಲೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಥೂ! ನನ್ನಂಥ ನಾಚಿಕೆಗೆಟ್ಟವನು ಅವಳಿಗೆ ನಾಚಿಕೆ ಹೇಳುವುದೇ?

ಸ್ಟೇಶನ್ ಬಜಾರಕ್ಕೆ ಹೋದೆ. ಸರ್ ಗುರುತು ಹಿಡಿದರು, "ಕೂಡು" ಎನ್ನಲಿಲ್ಲ. ನಿಂತೇ ಹೇಳಿದೆ, ತಪ್ಪಾಯಿತು ಎಂದು.

"ನನಗ ಗೊತ್ತಿದ್ದದ್ದು ನನಗ್ಯಾಕ ಹೇಳಾಕತ್ತಿ?" ಎಂದರು. "ಎಲ್ಲಿ ಸುಳ್ಳು ಹೇಳಿದ್ದ್ಯೋ, ಅಲ್ಲಿ ಹೋಗಿ ಹೇಳು."

ಹೋದೆ. ಅಲ್ಲಿದ್ದ ಅಧಿಕಾರಿ ಪಾಪ ಒಳ್ಳೆಯವರು. ಹಳೆಯ ಕಡತ, ಯಾರೂ ಕೇಳುತ್ತಿಲ್ಲ, ಮನೆಗೆ ಹೋಗಿ ಎಂದರು. ನಾನು ಕೇಳುತ್ತಿದ್ದೇನೆ, ಬರೆದುಕೊಳ್ಳಿ ಎಂದೆ. ಲೈಸೆನ್ಸ್ ಹೋಗುತ್ತದೆ ಎಂದರು. ಬರೆದುಕೊಳ್ಳಿ ಎಂದೆ. ಬರೆದುಕೊಂಡರು.

ಆ ಹೇಳಿಕೆಯ ನಕಲು ತಂದು ಸರ್ ಮುಂದೆ ಇಟ್ಟೆ.

"ನೌಕರಿ ಹೋಗ್ತದೇನು?"

"ಹೋಗ್ತದ್ರಿ ಸರ್."

"ಎಷ್ಟು ವರ್ಷ ಹಾರಿಸ್ದಿ?"

"ಹನ್ನೊಂದು ವರ್ಷರೀ."

"ಹನ್ನೊಂದು ವರ್ಷ," ಎಂದರು. ಕಣ್ಣಿಗೆ ಪೊರೆ ಬಂದಿದೆ ಅವರಿಗೆ; ಪರವಾನಗಿ ಮರಳಿ ಕೊಟ್ಟರೂ ಇನ್ನು ಹಾರಿಸಲಾರರು. ಟಿಕೆಟ್‌ಗೆ ಗಿರಾಕಿ ಬಂದು ನಿಂತಿದ್ದ. ಅವನ ಕಡೆ ತಿರುಗಿದರು. ನಾನು ಇಳಿದು ಬಂದೆ.

ಕ್ಷಮಿಸಿದರೋ ಇಲ್ಲವೋ ಕೇಳಿಲ್ಲ, ಕೇಳುವುದೂ ಇಲ್ಲ. ಮುಂದಿನ ತಿಂಗಳು ವಿಚಾರಣೆ, ವಕೀಲನನ್ನು ಇಟ್ಟಿಲ್ಲ. ಒಂದೇ ಮಾತು ಉಳಿದಿದೆ, ಅದು ಜಗತ್ ಸರ್ಕಲ್‌ನವರಿಗೆ. ಗಂಟೆ ಕದ್ದವನು, ಗುರುವಿನ ತಲೆಗೆ ಕಟ್ಟಿದವನು ನಾನು — ಕಮಲಾಪುರದ ಮಲ್ಲಿನಾಥ. ಚಹಾ ಕುಡಿಯುತ್ತಾ ನಗಬೇಕೆನಿಸಿದಾಗ ಇನ್ನು ಈ ಹೆಸರು ಹಿಡಿದು ನಗಿ. ಶರಣಪ್ಪನವರ ಹೆಸರು ಬಿಡಿ.