ಮೇಲೆ ಹೋಗೋರು ಬನ್ನಿ

ನಮ್ಮ ಆಸ್ಪತ್ರೆಯ ಲಿಫ್ಟಿನವನು ಬಾಗಿಲು ತೆರೆದು, "ಮೇಲೆ ಹೋಗೋರು ಬನ್ನಿ, ಬನ್ನಿ!" ಎಂದು ಮದುವೆಯೂಟಕ್ಕೆ ಕರೆಯುವವನಂತೆ ಕೂಗಿದರೆ, ಗಾಲಿಕುರ್ಚಿಯಲ್ಲಿರುವ ಅಜ್ಜಂದಿರು ಬೆಚ್ಚಿಬಿದ್ದು, "ನಮಗೇನೂ ಅವಸರ ಇಲ್ಲಪ್ಪಾ" ಎನ್ನುತ್ತಾರೆ. ಅವನ ಯೇಸುಸ್ವಾಮಿಯ ಹಾಡು ಕೆಳಗೆ ಶುರುವಾದರೆ ನಾಲ್ಕನೇ ಮಹಡಿಗೆ ಸರಿಯಾಗಿ ತಾರಕಕ್ಕೇರುತ್ತದೆ; ನಡುವೆ ಕರೆಂಟು ಹೋಯಿತೋ, ಒಳಗೆ ಸಿಕ್ಕಿಬಿದ್ದವರೆಲ್ಲ ಪಲ್ಲವಿ ಕಲಿತೇ ಹೊರಬರುತ್ತಾರೆ, ದೇವರೇ ಇಲ್ಲವೆನ್ನುವ ವಕೀಲರೂ ಸೇರಿದಂತೆ. ಇಂಥವನು ತನ್ನ ಪಾಳಿ ಮುಗಿದೊಡನೆ ಊಟದ ಡಬ್ಬಿ ಹಿಡಿದು, ನೋಯುವ ಮೊಣಕಾಲನ್ನು ಪುಸಲಾಯಿಸುತ್ತಾ, ಆ ನಾಲ್ಕೂ ಮಹಡಿಗಳನ್ನು ಮೆಟ್ಟಿಲಲ್ಲೇ ಹತ್ತುತ್ತಾನೆ. "ಲಿಫ್ಟಲ್ಲಿ ಬಾರಣ್ಣಾ, ಯಾರು ನೋಡ್ತಾರೆ?" ಎಂದು ನರ್ಸಮ್ಮ ಗದರಿದರೆ, 'ಸಿಬ್ಬಂದಿ ಮೆಟ್ಟಿಲು ಬಳಸಿ' ಎಂಬ ಬೋರ್ಡು ತೋರಿಸಿ, "ಮೇಲಿರೋ ಆತ ನೋಡ್ತಾನಲ್ಲಮ್ಮಾ! ಅಲ್ಲೀವರೆಗೂ ಹತ್ತೋದಿದೆ, ಅಭ್ಯಾಸ ಬೇಡ್ವಾ?" ಎಂದು ಏದುಸಿರಿನಲ್ಲೇ ನಗುತ್ತಾನೆ. ಮೇಲಿನ ವಾರ್ಡಿನಲ್ಲಿ ಅವನ ಹೆಂಡತಿ ಮಲಗಿದ್ದಾಳೆ. ಮೂರು ವರ್ಷದಿಂದ ಅವಳಿಗೆ ಯಾರ ನೆನಪೂ ಇಲ್ಲ; ದಿನವೂ ಇವನ ಮುಖ ನೋಡಿ, "ನೀವ್ಯಾರು?" ಎಂದು ಕೇಳುತ್ತಾಳೆ. ಇವನು ದಿನವೂ ತುತ್ತು ಕಲಸುತ್ತಾ, "ಮೇಲೆ ಹೋದ್ಮೇಲೆ ಗೊತ್ತಾಗುತ್ತೆ ಕಣೇ, ಈಗ ಬಾಯಿ ತೆಗಿ" ಎನ್ನುತ್ತಾನೆ.